ಬೊಟ್ಟಿನ ಕೆಳಗಿನ ನಂಬರು

“ಫೋಲಿಯೋ ನಂಬರ್ ಎಲ್ಲೈತಮ್ಮ?” ಮಿಲ್ಲಿನ ಗುಮಾಸ್ತ ಪಾಲಯ್ಯ ಕೇಳಿದರು.

ಕೌಂಟರಿನ ಮೇಲೆ ಅಜ್ಜಿಯ ಶೇರು ಸರ್ಟಿಫಿಕೇಟ್ ಇತ್ತು. ನಾಲ್ಕು ಮೂಲೆಗೂ ಅರಿಷಿಣ. ನಡುವೆ ಕೈಯಲ್ಲಿ ಬರೆದ ಒಂದು ಸಾಲು. ಆ ಸಾಲಿನುದ್ದಕ್ಕೂ ಕುಂಕುಮದ ಐದು ದಪ್ಪ ಬೊಟ್ಟು.

ಐದನೆಯ ಕ್ಲಾಸಿನ ಕೊಟ್ರಮ್ಮ ಅಜ್ಜಿಯ ಹಿಂದೆ ಸರಿದಳು. ದೀಪಾವಳಿಯ ಲಕ್ಷ್ಮಿಪೂಜೆಗೆ ಆ ಬೊಟ್ಟು ಇಡುವವಳು ಅವಳೇ. ಗೆರೆ ತಪ್ಪದಂತೆ, ಹೋದ ವರ್ಷದ ಬೊಟ್ಟಿನ ಮೇಲೆಯೇ ಇಡುತ್ತಿದ್ದಳು. ಮನೆಯವರೆಲ್ಲ ಹೊಗಳಿದ್ದರು.

“ಆ ನಂಬರ್ ಯಾಕ್ರಿ?” ಅಜ್ಜಿ ಕೇಳಿದಳು.

“ರಿಜಿಸ್ಟರ್‌ನಾಗ ನಿಮ್ಮ ಶೇರು ಹುಡುಕಾಕ. ಸಿಕ್ರ ಡಿವಿಡೆಂಡ್ ಐತೋ ಇಲ್ಲೋ ಹೇಳ್ತೀನಿ.”

ಡಿವಿಡೆಂಡ್ ಎಂದರೆ ಮಿಲ್ಲಿನ ಲಾಭದಲ್ಲಿ ಶೇರು ಇದ್ದವರಿಗೆ ಬರುವ ಪಾಲು. ತಾತ ತೀರಿಕೊಂಡು, ಮನೆ ಕುರುಗೋಡಿನಿಂದ ಬಳ್ಳಾರಿಗೆ ಬಂದ ಮೇಲೆ ಮೂರು ವರ್ಷ ಒಂದು ಪೈಸೆಯೂ ಬಂದಿರಲಿಲ್ಲ. “ಇವತ್ತೂ ಏನೂ ಗೊತ್ತಾಗಲಿಲ್ಲಂದ್ರ ನಾಳೆ ಅದನ್ನ ಮಾರಿಬಿಡೂಣು,” ಎಂದು ಅಪ್ಪ ಬೆಳಿಗ್ಗೆ ಹೇಳಿದ್ದ. ತಾತ ಬಿಟ್ಟುಹೋದ ಕಾಗದ ಅದೊಂದೇ. ಅಜ್ಜಿ ನಾಷ್ಟಾ ಕೂಡ ಮಾಡದೆ ಹೊರಟಿದ್ದಳು.

“ಯಾರ ಹೆಸರಿನಾಗ ಐತ್ರಿ?”

“ನಮ್ಮ ಯಜಮಾನ್ರದು.”

“ಅವರ ಹೆಸರು?”

ಅಜ್ಜಿ ಗಂಡನ ಹೆಸರು ಹೇಳುವವಳಲ್ಲ. ಮೊಮ್ಮಗಳನ್ನು ತಿವಿದಳು.

“ಮರಿಬಸಪ್ಪ ರೀ. ಕುರುಗೋಡು.”

ಪಾಲಯ್ಯ ದಪ್ಪ ರಿಜಿಸ್ಟರ್ ತೆರೆದರು. ಅದರಲ್ಲಿ ಒಂಬತ್ತು ಮಂದಿ ಮರಿಬಸಪ್ಪ ಇದ್ದರು. ಸಿರುಗುಪ್ಪದವರೇ ನಾಲ್ವರು. ಕುರುಗೋಡಿನವರು ಒಬ್ಬರೂ ಇರಲಿಲ್ಲ.

“ಇಲ್ಲಮ್ಮ.”

ಅಜ್ಜಿ ಕಾಗದ ಮಡಚತೊಡಗಿದಳು. ಕೊಟ್ರಮ್ಮನಿಗೆ ತಡೆಯಲಾಗಲಿಲ್ಲ.

“ಅಜ್ಜೀ, ನಂಬರ್ ಬೊಟ್ಟಿನ ಕೆಳಗ ಐತಿ. ನಾನೇ ಮುಚ್ಚೀನಿ. ಕೆರೀಲೇನು?”

ಲಕ್ಷ್ಮಿಯ ಕುಂಕುಮ ಕೆರೆಯುವುದೇ! ಪಾಲಯ್ಯ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. “ನಾ ಅಂತೂ ಮುಟ್ಟಾಂಗಿಲ್ಲ ನೋಡವಾ.”

ಅಜ್ಜಿ ಬಾಗಿಲ ಕಡೆ ನೋಡಿದಳು. ಮೇಲೆ ತಿರುಗುತ್ತಿದ್ದ ಫ್ಯಾನಿನ ಕಡೆ ನೋಡಿದಳು.

“ಕೆರಿ. ಲಕ್ಷ್ಮಿಗೆ ನಾ ಹೇಳ್ಕೊಂತೀನಿ.”

ಕೊಟ್ರಮ್ಮ ಉಗುರಿನಿಂದ ಮೆಲ್ಲಗೆ ಕೆರೆದಳು. ಅವಳು ಇಂಗ್ಲಿಷ್ ಅಕ್ಷರ ಕಲಿತದ್ದು ಅದೇ ವರ್ಷ. “ಜಿ... ಯು... ಆರ್... ಯು... ಬಿ...”

ನಾಲ್ಕು ಬೊಟ್ಟು ಹೋದಾಗ ಹೆಸರು ಮುಗಿಯಿತು. ಐದನೆಯದರ ಕೆಳಗೆ 417 ಇತ್ತು.

“ಗುರುಬಸಮ್ಮ,” ಪಾಲಯ್ಯ ಬಗ್ಗಿ ಓದಿದರು. “ಇವರು ಯಾರು?”

“ನಾನು,” ಎಂದಳು ಅಜ್ಜಿ.

417 ಕೂಡಲೇ ಸಿಕ್ಕಿತು. “ಮೂರೂ ವರ್ಷದ ಡಿವಿಡೆಂಡ್ ಐತ್ರಿ! ಕುರುಗೋಡಿಗೆ ಹೋಗಿ ವಾಪಸ್ ಬಂದೈತಿ. ಹೊಸ ಅಡ್ರೆಸ್ ಬರಸ್ರಿ.”

ಅಜ್ಜಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. “ನಮ್ಮ ಯಜಮಾನ್ರು ವರ್ಷಕ್ಕೊಂದು ಸಲ ಯಾವುದೋ ಕಾಗದಕ್ಕ ನನ್ನ ಹೆಬ್ಬೆಟ್ಟು ಒತ್ತಿಸ್ಕೊಂತಿದ್ರು,” ಎಂದಳು. “ಯಾಕಂತ ನಾ ಕೇಳಲೇ ಇಲ್ಲ.”

ಅಡ್ರೆಸ್ಸನ್ನು ಕೊಟ್ರಮ್ಮನೇ ಬರೆಸಿದಳು.

ಹೊರಗೆ ಬಂದ ಮೇಲೆ ಅಜ್ಜಿ ಜಟಕಾ ಸ್ಟ್ಯಾಂಡಿನ ನೆರಳಿನಲ್ಲಿ ನಿಂತಳು. “ನಿಮ್ಮಪ್ಪಗ ಹೇಳು, ಇದನ್ನ ಮಾರಾಂಗಿಲ್ಲ ಅಂತ.” ಕಾಗದ ಬಿಚ್ಚಿದಳು. “ನನ್ನ ಹೆಸರು ಎಲ್ಲಿಂದ ಎಲ್ಲಿತನಕ ಐತಿ?”

ಕೊಟ್ರಮ್ಮ ಬೆರಳಿಟ್ಟು ತೋರಿಸಿದಳು.

ಸ್ವಲ್ಪ ದೂರ ಹೋದ ಮೇಲೆ ಅಜ್ಜಿ ಮತ್ತೆ ಕೇಳಿದಳು. ಮನೆಯ ತಿರುವಿನಲ್ಲಿ ಇನ್ನೊಮ್ಮೆ ಕೇಳಿದಳು.

ಅಜ್ಜಿ ಮರೆತು ಕೇಳುತ್ತಿಲ್ಲ ಎಂದು ಕೊಟ್ರಮ್ಮನಿಗೆ ಆಗ ತಿಳಿಯಿತು. ಅವಳು ಅಜ್ಜಿಯ ಬೆರಳನ್ನೇ ಹಿಡಿದು, ಮೊದಲ ಅಕ್ಷರದ ಮೇಲಿಟ್ಟು, ಅವಸರ ಮಾಡದೆ ಓದತೊಡಗಿದಳು.

“ಜಿ... ಯು... ಆರ್...”