ಆರ್ಗಾಲ್ ಕುದುರೆ

ಈ ಕಥೆಯನ್ನು ಮೊದಲು ಹೇಳಿದವರು ಬ್ಯಾಟರಾಯನಪುರದ ಮುನಿಕೃಷ್ಣಮ್ಮ. ಹೇಳಿದ್ದು ಕಳೆದ ವೈಶಾಖದಲ್ಲಿ, ಅಲ್ಲಾಳಸಂದ್ರದ ಅವರ ಅಣ್ಣನ ಮನೆಯ ಮುಂದೆ ಚಪ್ಪರ ಹಾಕಿದ ದಿನ, ಮಾವಿನ ಸೊಪ್ಪು ಇನ್ನೂ ಬಾಡದ ಇಳಿಹೊತ್ತಿನಲ್ಲಿ. ಕೇಳಲು ಕುಳಿತವರು ನೆರೆಯ ಹೆಂಗಸರು, ಅಣ್ಣನ ಮಗ ಯಶವಂತನ ಗೆಳೆಯ ನಾಗೇಶ್, ಮತ್ತು ನಾನು. ನಾಗೇಶ್ ನಡುನಡುವೆ ಬಾಯಿ ಹಾಕಿ ತಿದ್ದಿದ ಕಡೆಗಳಲ್ಲಿ ಇಬ್ಬರೂ ಒಪ್ಪಿದ ಪಾಠವನ್ನೇ ಉಳಿಸಿಕೊಂಡಿದ್ದೇನೆ.

ಯಶವಂತ್ ಹೆಬ್ಬಾಳದ ಒಂದು ಗೇಮ್ ಕಂಪನಿಯಲ್ಲಿ ಚಿತ್ರಕಾರ. ಅಲ್ಲಿ ಅವರು ಕಟ್ಟುತ್ತಿದ್ದದ್ದು ಎಲ್ಲಿಯೂ ಇಲ್ಲದ ಒಂದು ಲೋಕ. ಅದರ ನೆಲದ ಸೆಳೆತ ನಮ್ಮ ಭೂಮಿಯದರ ಅರ್ಧ. ಆ ಲೋಕದ ಪ್ರಾಣಿಗಳು ನಿಜವಾಗಿಯೂ ಉಸಿರಾಡಿ, ಓಡಿ, ಮರಿ ಹಾಕಬಲ್ಲವೇ ಎಂದು ಪರೀಕ್ಷಿಸಲು ಸಂಜಯನಗರದ ಮಧುಶ್ರೀಯನ್ನು ಕರೆಸಿದ್ದರು. ಆಕೆ ಪ್ರಾಣಿವಿಜ್ಞಾನಿ. ಮೊದಲ ದಿನವೇ ಯಶವಂತನ ಪರದೆಯ ಮುಂದೆ ನಿಂತು, ಆನೆಯಷ್ಟು ದೊಡ್ಡದಾದ ಆರು ಕಾಲಿನ ಕುದುರೆಯೊಂದನ್ನು ಬಹಳ ಹೊತ್ತು ನೋಡಿದಳು.

"ತಾತ ಯಾರು?" ಎಂದು ಕೇಳಿದಳು.

ಯಶವಂತ್ ಎದ್ದು ನಿಂತ. "ಪಿಳ್ಳಪ್ಪ ಅಂತ, ಮೇಡಂ. ಅಲ್ಲಾಳಸಂದ್ರದಲ್ಲಿ ಹೊಲ ಇತ್ತು."

"ನಿಮ್ಮ ತಾತ ಅಲ್ರೀ! ಈ ಕುದುರೆ ತಾತ."

ಪಕ್ಕದ ಕುರ್ಚಿಯಿಂದ ನಾಗೇಶ್ ಕೂಗಿದ: "ಮಚ್ಚಾ, ಕುದುರೆಗೆ ಜಾತಕ ಕೇಳ್ತಿದಾರೆ ಕಣೋ!"

ಮಧುಶ್ರೀ ನಗಲಿಲ್ಲ. ಆದರೆ ತುಟಿಯ ಒಂದು ಕೊನೆ ಅವಳ ಮಾತು ಕೇಳಲಿಲ್ಲ. "ನಿಮ್ಮ ಲೋಕದಲ್ಲಿ ಬೆನ್ನೆಲುಬಿರೋ ಪ್ರತಿ ಪ್ರಾಣಿಗೂ ನಾಲ್ಕೇ ಕಾಲು. ಎಲ್ಲಾ ಒಂದೇ ವಂಶದವು. ಇದೊಂದಕ್ಕೆ ಮಾತ್ರ ಆರು ಎಲ್ಲಿಂದ ಬಂತು? ಜೊತೆಗೆ ಇಷ್ಟು ದಪ್ಪ. ಎತ್ತರ ಎರಡರಷ್ಟಾದ್ರೆ ತೂಕ ಎಂಟರಷ್ಟಾಗುತ್ತೆ. ಇದು ನೆಗೆಯೋದಿರಲಿ, ಎದ್ರೇ ಪುಣ್ಯ."

"ಹಂಗಾದ್ರೆ ಫೇಲಾ?" ಎಂದ ಯಶವಂತ್.

ಅವಳು ಇನ್ನೊಮ್ಮೆ ಬಾಗಿ ನೋಡಿದಳು. ಕುದುರೆಯ ಉದ್ದ ರೆಪ್ಪೆಯ ಕೆಳಗೆ ಕಣ್ಣುಗಳು ಅರೆ ಸಿಟ್ಟಿನಲ್ಲಿ, ಅರೆ ನಗೆಯಲ್ಲಿ ನೋಡುತ್ತಿದ್ದವು. "ಕಣ್ಣು ಮಾತ್ರ ಪಾಸ್."

ಅಂದಿನಿಂದ ಯಶವಂತ್ ಹೆಗಲು ಬದಲಿಸಿದ, ಎದೆ ಬದಲಿಸಿದ, ನಡುಗಾಲನ್ನು ಹಿಂದಕ್ಕೆ ಸರಿಸಿದ. ಪ್ರತಿ ತಿದ್ದುಪಡಿಯನ್ನೂ ಅವಳಿಗೆ ತೋರಿಸಬೇಕು. ತೋರಿಸಲು ಅವಳ ಪಕ್ಕ ಕುಳಿತುಕೊಳ್ಳಬೇಕು. ಅವಳು ಇಲ್ಲವೆಂದು ತಲೆಯಾಡಿಸಿದಾಗ ಕಿವಿಯ ಪುಟ್ಟ ಜುಮುಕಿ ಒಂದು ಕ್ಷಣ ತಡವಾಗಿ ತೂಗುತ್ತಿತ್ತು. ನಿರಾಕರಣೆ ಇಷ್ಟು ಸೊಗಸಾಗಿರುವುದಾದರೆ ಕುದುರೆ ಫೇಲಾಗುತ್ತಲೇ ಇರಲಿ ಎಂದು ಅವನಿಗೆ ಒಮ್ಮೊಮ್ಮೆ ಅನಿಸಿದ್ದೂ ಉಂಟು.

ಆದರೆ ತಂಡದ ಮುಖ್ಯಸ್ಥೆ ಮೋನಿಕಾ ಗಡುವು ಹಾಕಿದರು. "ಶುಕ್ರವಾರ ರಿವ್ಯೂ. ಮಧು ಒಪ್ಪದಿದ್ರೆ ಕುದುರೆ ಔಟ್."

ಆ ಸಂಜೆ ಯಶವಂತ್ ಪರದೆ ಆರಿಸದೆ ಸುಮ್ಮನೆ ಕುಳಿತಿದ್ದ. ಮಧುಶ್ರೀ ಬ್ಯಾಗು ಹೆಗಲಿಗೇರಿಸಿದವಳು ಹಿಂದಿರುಗಿ ಬಂದಳು.

"ಒಂದು ಕುದುರೆಗೆ ಇಷ್ಟೊಂದು ಯಾಕ್ರೀ?"

"ಇದು ನಮ್ಮಜ್ಜಿ ಕುದುರೆ. ಆರ್ಗಾಲ್ ಕುದ್ರೆ. ಚಿಕ್ಕೋನಿದ್ದಾಗ ಈ ಕತೆ ಇಲ್ದೆ ಊಟ ಇಳೀತಿರ್ಲಿಲ್ಲ. ಅದು ಕೆರೆ ದಾಟೋದನ್ನ ಕಣ್ಣಾರೆ ತೋರಿಸ್ತೀನಿ ಅಂತ ಅಜ್ಜಿಗೆ ಮಾತು ಕೊಟ್ಟಿದೀನಿ."

"ಇದನ್ನ ಮೊದಲೇ ಹೇಳೋದಲ್ವಾ? ಮೂಲ ಕತೆ ಕೇಳದೆ ಕೊನೆ ಮಾತು ಹೇಳೋಳಲ್ಲ ನಾನು. ನಡೀರಿ."

ಅಲ್ಲಾಳಸಂದ್ರದ ಯಶವಂತನ ಮನೆ ಈಗ ನಾಲ್ಕು ಮಹಡಿಯದು. ಹಳೆಯ ಜಗಲಿಕಲ್ಲೊಂದನ್ನು ಮಾತ್ರ ಅಜ್ಜಿ ಪಟಾಲಮ್ಮ ಕೀಳಗೊಟ್ಟಿರಲಿಲ್ಲ. ಅದರ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, ಬಂದವಳ ಮಡಿಲಿಗೂ ಒಂದು ಬೊಗಸೆ ಸುರಿದರು.

"ಕತೆ ಏಳ್ತೀನಿ. ಆದ್ರೆ ಊಂ ಅನ್ಬೇಕು ಕಣವ್ವ. ಊಂ ಅನ್ದಿದ್ರೆ ಕತೆ ಅಲ್ಲೇ ನಿಂತೋಯ್ತದೆ."

"ಹೂಂ," ಎಂದಳು ಮಧುಶ್ರೀ.

"ಕೆರೆ ಕೋಡಿ ಬಿದ್ದಿತ್ತು. ಆ ದಡದಾಗೆ ಒಬ್ಬಳು ತುಂಬಿದ ಬಸುರಿ, ಈ ದಡದಾಗೆ ಸೂಲಗಿತ್ತಿ."

"ಹೂಂ."

"ಸೂಲಗಿತ್ತಿ ಆರ್ಗಾಲ್ ಕುದ್ರೆ ಏರಿ, ಒಂದೇ ನೆಗೆತಕ್ಕೆ ಆ ದಡ ಸೇರ್ಕಂಡ್ಲು."

"ಕುದುರೆ ನೋಡೋಕೆ ಹೇಗಿತ್ತಜ್ಜಿ?"

"ಕತ್ತೆಗಿಂತ ಒಸಿ ದೊಡ್ಡದು. ಮುಂಗಾಲು ಗಿಡ್ಡ. ಶಕ್ತಿಯೆಲ್ಲ ಇಂಗಾಲ್ದಾಗೇ ಇತ್ತು."

ಮಧುಶ್ರೀಯ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. "ಇಂಗಾಲದಲ್ಲಾ? ಅಜ್ಜೀಗೆ ಕೆಮಿಸ್ಟ್ರಿ ಗೊತ್ತೇನ್ರೀ?"

ಯಶವಂತ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಾರ್ಬನ್ ಅಲ್ಲ ಕಣ್ರೀ! ಹಿಂಗಾಲು, ಹಿಂದಿನ ಕಾಲು. ನಮ್ಮಜ್ಜಿ ಬಾಯಲ್ಲಿ ಹಕಾರ ನಿಲ್ಲಲ್ಲ. ಹುಲಿ ಅಂದ್ರೆ ಉಲಿ, ಹಾವು ಅಂದ್ರೆ ಆವು…"

ಅವನು ನಗುತ್ತಲೇ ಇದ್ದ. ಜೊತೆಗೆ ನಗುತ್ತಿದ್ದ ಅವಳು ಮಾತ್ರ ನಗು ನಿಲ್ಲಿಸಿ ಅವನನ್ನೇ ನೋಡಿದಳು. ಕುದುರೆಗೆ ಅವನು ಬರೆದಿದ್ದ ಅದೇ ನೋಟ.

"ಹಾವು ಆವು ಆಗೋದಾದ್ರೆ," ಎಂದಳು ನಿಧಾನವಾಗಿ, "ಆರ್ಗಾಲಿನ ಆರು ಏನಾಗಿತ್ತು?"

ಅಜ್ಜಿಯ ಕಡೆ ತಿರುಗಿ ಕೇಳಿದಳು: "ಅಜ್ಜಿ, ಕುದುರೆಗೆ ಎಷ್ಟು ಕಾಲು?"

"ಇದೇನವ್ವ ಇಂಗ್ ಕೇಳ್ತೀಯ? ಎಲ್ಲಾ ಕುದ್ರೆಗೂ ಇರಂಗೆ ನಾಕು. ಆರೋ ಕಾಲು ಕಣವ್ವ, ಆರೋ ಕಾಲು!" ಎಂದು ಅಜ್ಜಿ ಅವರೆ ಸೊಗಡಿನ ಎರಡೂ ಕೈಗಳನ್ನು ರೆಕ್ಕೆಯಂತೆ ಬಡಿದು ತೋರಿಸಿದರು.

"ಹಾರುಗಾಲು!" ಇಬ್ಬರೂ ಒಟ್ಟಿಗೆ ಕೂಗಿದರು.

ಯಶವಂತ್ ತಲೆಯ ಮೇಲೆ ಕೈಹೊತ್ತ. "ನಾಲ್ಕು ವರ್ಷದವನಿದ್ದಾಗಿಂದ ಆರು ಕಾಲು ಬರೀತಿದೀನಲ್ಲಜ್ಜಿ! ಒಂದ್ಸಲ ಹೇಳ್ಬಾರ್ದಾ?"

"ಮೊಮ್ಮಗ ಆಸೆಯಿಂದ ಬರ್ದಿದ್ ಕುದ್ರೆ ಕಾಲ ನಾನ್ ಮುರೀಲೇನೋ?"

ಮಧುಶ್ರೀ ಅವರೆಕಾಯಿ ಸಿಪ್ಪೆಯನ್ನೆಲ್ಲ ಉದುರಿಸಿಕೊಂಡು ಎದ್ದು ನಿಂತಳು. "ನಾಲ್ಕು ಕಾಲು, ಚಿಕ್ಕ ಮೈ, ಉದ್ದ ಹಿಂಗಾಲು. ಆ ಕಾಲಿನ ಸ್ನಾಯುರಜ್ಜು ಸ್ಪ್ರಿಂಗ್ ಥರ ಹಿಗ್ಗಿ ಕುಗ್ಗುತ್ತೆ, ಕಾಂಗರೂಗೆ ಇರೋ ಹಾಗೆ. ತೂಕ ಸರಿದೂಗಿಸೋಕೆ ಬಾಲ ಬಲವಾಗಿರಲಿ. ನೆಲದ ಸೆಳೆತ ಹೇಗೂ ಅರ್ಧ. ಯಶವಂತ್, ತಾತ ಸಿಕ್ಕಿದ ಕಣೋ!"

ಬಾಯಿ ತಪ್ಪಿ ಬಂದ ಆ ಏಕವಚನವನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನೂ ಹಿಂದಕ್ಕೆ ಕೊಡಲಿಲ್ಲ.

ಶುಕ್ರವಾರ ಪಟಾಲಮ್ಮನವರನ್ನು ಆಫೀಸಿಗೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಪರದೆಯ ಮೇಲೆ ಕೆರೆ ಕೋಡಿ ಬಿದ್ದು ಹರಿಯಿತು. ಸೂಲಗಿತ್ತಿ ಏರಿದಳು. ಕುದುರೆ ಹಿಂಗಾಲು ಮಡಿಚಿ, ಮೈಯನ್ನು ಬಿಲ್ಲಿನಂತೆ ಬಾಗಿಸಿ, ಒಮ್ಮೆ ಉಸಿರು ಹಿಡಿಯಿತು. ಕೋಣೆಯೂ ಉಸಿರು ಹಿಡಿಯಿತು.

"ಆರ್ತು!" ಅಜ್ಜಿ ಕುರ್ಚಿಯಿಂದೆದ್ದು ಕೂಗಿದರು. "ಆರ್ತು, ನನ್ ಕುದ್ರೆ ಆರ್ತು!"

ಕೋಣೆಗೆ ಕೋಣೆಯೇ ಎದ್ದು ನಿಂತು "ಆರ್ತು ಆರ್ತು" ಎಂದು ಚಪ್ಪಾಳೆ ತಟ್ಟಿತು. ಮೋನಿಕಾ ಗದ್ದಲದ ಮೇಲೆ ದನಿಯೆತ್ತಿ ಕೇಳಿದರು: "ಮಧು, ಪಾಸಾ?"

"ತಲೆಯಿಂದ ಬಾಲದವರೆಗೆ," ಎಂದಳು ಮಧುಶ್ರೀ.

ಅಂದು ಹೊತ್ತಿಳಿಯುವಾಗ ಇಬ್ಬರೂ ಅಲ್ಲಾಳಸಂದ್ರದ ಕೆರೆಯ ದಾರಿಯಲ್ಲಿ ನಡೆದರು. ನೀರಿನ ಮೇಲೆ ಕೆಂಪು ಹರಡಿತ್ತು. ಯಶವಂತ್ ಬೇಲಿಗೆ ಒರಗಿ ನಿಂತ.

"ಒಂದು ಕತೆ ಹೇಳ್ತೀನಿ. ಒಂದೂರಲ್ಲಿ ಒಬ್ಬ ಆರ್ಟಿಸ್ಟ್ ಇದ್ದ. ಕುದುರೆಗೆ ಕಣ್ಣು ಬರೆಯೋಕೆ ಬರದೆ ಒದ್ದಾಡ್ತಿದ್ದ."

"ಹೂಂ."

"ಒಂದಿನ ಕಂಪನಿಗೆ ಒಬ್ಬಳು ಇಂಟರ್‌ವ್ಯೂಗೆ ಬಂದ್ಲು. ಲಾಬಿಯಲ್ಲಿ ಕೂತಿದ್ಲು. ಅವತ್ತು ರಾತ್ರಿ ಕಣ್ಣು ತಾನಾಗೇ ಬಂತು."

ಅವಳು ಸರಕ್ಕನೆ ತಿರುಗಿದಳು. "ಅದಕ್ಕೇ ನಾನು ಪಾಸ್ ಮಾಡಿದ್ನಾ? ನನ್ನ ಕಣ್ಣನ್ನ ನಾನೇ?"

"ನಡುವೆ ಮಾತಾಡ್ಬಾರ್ದು. ಆ ಆರ್ಟಿಸ್ಟ್‌ಗೆ ಈಗ ಒಂದೇ ಆಸೆ. ಬಾಳೆಲ್ಲ ಆ ಕಣ್ಣೆದುರಿಗೇ ಬದುಕ್ಬೇಕು ಅಂತ."

ಅವಳು ನೀರಿನ ಕಡೆ ತಿರುಗಿದಳು. ಕೊಕ್ಕರೆಯೊಂದು ನೀರಿನಿಂದ ಎದ್ದು ಹೋಯಿತು. ಅವನ ಮುಖದ ಬಣ್ಣವೂ ಅದರ ಜೊತೆ ಎದ್ದು ಹೋಯಿತು.

"ಮಧು, ಏನಾದ್ರೂ ಅನ್ನು. ಅನ್ದಿದ್ರೆ ಕತೆ ಇಲ್ಲೇ ನಿಂತೋಗತ್ತೆ."

"ಊಂ."

"ಇದು ಹೂಂ ಅಂತಾನಾ, ಊಹೂಂ ಅಂತಾನಾ?"

ಮಧುಶ್ರೀ ಬೇಲಿಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಜುಮುಕಿ ಒಂದು ಕ್ಷಣ ತಡವಾಗಿ ತೂಗಿತು. "ನಿಮ್ಮ ಮನೆ ಸೊಸೆ ಆಗೋಳು ನಿಮ್ಮ ಮನೆ ಮಾತಲ್ಲೇ ಹೇಳಿದೀನಿ. ಮತ್ತೆ ಆರು ಅಂತ ಎಣಿಸ್ಕೊಂಡು ಕೂತ್ಕೋಬೇಡ. ಹಾರು!"

ಅವನು ಕೆರೆಯ ದಾರಿಯ ಕಲ್ಲುಬೆಂಚನ್ನು ಒಂದೇ ನೆಗೆತಕ್ಕೆ ದಾಟಿದನೆಂದು ಮುನಿಕೃಷ್ಣಮ್ಮನವರ ಪಾಠ. ಕಾಲು ತಾಗಿ ಬಿದ್ದನೆಂದು ನಾಗೇಶನ ಪಾಠ. ಈ ಒಂದು ಕಡೆ ಮಾತ್ರ ಅವರಲ್ಲಿ ಒಪ್ಪಿಗೆಯಾಗಲಿಲ್ಲ.

"ಆ ಮದ್ವೇದೇ ಕಣ್ರಮ್ಮ ಈ ಚಪ್ಪರ," ಎಂದರು ಮುನಿಕೃಷ್ಣಮ್ಮ. "ಎಲ್ರೂ ಊಂ ಅನ್ರಿ, ಕತೆ ಮುಗೀಲಿ."

ಒಳಗಿನಿಂದ ಪಟಾಲಮ್ಮನವರ ದನಿಯೇ ಮೊದಲು ಬಂತು. ಹಿಂದೆಯೇ ನಾವೆಲ್ಲ "ಊಂ" ಎಂದೆವು. ಹೆಂಗಸರು ಸೆರಗು ಕೊಡವಿ ಎದ್ದರು; ಬೆಳಗ್ಗೆ ಅರಿಶಿನಕ್ಕೆ ಬೇಗ ಬರುವುದಾಗಿ ಹೇಳಿ, ತಾಂಬೂಲದ ಚೀಲ ಹಿಡಿದು, ಕೆರೆಯ ಕಡೆಯವರು ಕೆರೆಯ ಕಡೆಗೆ, ರಸ್ತೆಯ ಕಡೆಯವರು ರಸ್ತೆಯ ಕಡೆಗೆ ಮನೆಗೆ ಹೋದರು.