ಕೈನೇಸ್ ಕೊಂದವರು ಯಾರು?

"ಕಾಕಾರ, ನನ್ನ ಪ್ರೋಟೀನ್ ಯಾರೋ ಕೊಂದಾರ್ರಿ," ಎನ್ನುತ್ತ, ಕಾಲೇಜಿನಲ್ಲಿ ಸಂಶೋಧನೆ ಮಾಡುವ ಪ್ರೀತಿ ನಮ್ಮ ಕಟ್ಟೆಯ ಮೇಲೆ ಕುಸಿದು ಕೂತಳು.

ನನಗೆ ತಲೆಬುಡ ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಗೆಳೆಯ ಬಸಗೊಂಡಪ್ಪ ಮಾತ್ರ ಚಪ್ಪಲಿ ಮೆಟ್ಟಿ ಎದ್ದ. ಪೊಲೀಸ್ ನೌಕರಿ ಬಿಟ್ಟ ಮೇಲೂ ಜಮಖಂಡಿಯಲ್ಲಿ ಏನೇ ಆದರೂ ಜನ ಹುಡುಕುವುದು ಅವನನ್ನೇ. ಅವನ ಹಿಂದೆ ಅಲೆಯುವ ಕರ್ಮ ನನ್ನದು.

ಕಾಲೇಜಿನ ಪ್ರಯೋಗಾಲಯದಲ್ಲಿ ಪ್ರೀತಿ ಒಂದು ಫ್ರೀಜರ್ ತೋರಿಸಿದಳು.

"ಜೀವಕೋಶದೊಳಗ ಸುದ್ದಿ ಮುಟ್ಟಸೂ ಪ್ರೋಟೀನಿಗೆ ಕೈನೇಸ್ ಅಂತಾರ್ರಿ. ಮನಷ್ಯಾರ ಜೀನ್ ಬ್ಯಾಕ್ಟೀರಿಯಾಕ್ಕ ಸೇರಿಸಿ ನಾನ ತಯಾರ ಮಾಡಿದ್ದೆ. ಬರ್ಫ ಆಗಿದ್ರಷ್ಟ ಅದು ಬದುಕತೈತಿ. ನಿನ್ನೆ ಪರೀಕ್ಷೆ ಮಾಡಿದ್ರ ಪೂರಾ ಸತ್ತೈತಿ. ಪಿಎಚ್.ಡಿ. ಅವಧಿ ಈ ತಿಂಗಳಿಗೆ ಮುಗೀತೈತಿ. ಮತ್ತ ಮಾಡಾಕ ಯಾಳ್ಯೆ ಇಲ್ಲ."

"ಯಾರ ಮ್ಯಾಲ ಸಂಶಯ?" ಬಸಗೊಂಡಪ್ಪ ಕೇಳಿದ.

"ಕಲ್ಮೇಶನ ಮ್ಯಾಲ. ಜೋಡಿ ಕೆಲಸ ಮಾಡಾಂವ. ಮೊನ್ನೆ ಜಗಳಾಗಿತ್ತು. ದಸರಾ ಸೂಟಿಯೊಳಗ ಅವನ ಹತ್ರ ಲ್ಯಾಬಿನ ಒಂದ್ ಕೀಲಿ ಇತ್ತು."

"ಇನ್ನೊಂದು?"

"ನಮ್ಮವ್ವನ ಕಡೆ. ನಾ ಮುಧೋಳಕ್ಕ ಗಂಡನ ಮನಿಗೆ ಹೋಗಿದ್ದೆ. ಇಲ್ಲಿ ಮಷೀನಿಗೆಲ್ಲ ದಸರಾದ ಖಂಡೆಪೂಜಿ ಮಾಡ ಅಂತ ಕೊಟ್ಟಿದ್ದೆ. ಬನಹಟ್ಟಿಯಾಕಿ, ಮಗ್ಗದ ಮನಿಯಾಕಿ, ಪೂಜಿ ತಪ್ಪಸಂಗಿಲ್ಲ."

ಕಲ್ಮೇಶನನ್ನು ಹಿಡಿದು ನಾಲ್ಕು ಬಿಗಿಯಬೇಕೆಂದು ನನ್ನ ಕೈ ತುರಿಸುತ್ತಿತ್ತು. ಬಸಗೊಂಡಪ್ಪ ಫ್ರೀಜರಿನ ತಳದಲ್ಲಿ ಗಾಜಿನಂತೆ ಗಟ್ಟಿಯಾಗಿದ್ದ ಬರ್ಫದ ಹಲಗೆಯನ್ನು ಉಗುರಿನಿಂದ ಕೆರೆದ. ಆಮೇಲೆ ಗೋಡೆಯ ಸ್ವಿಚ್ಚುಗಳನ್ನು ನೋಡುತ್ತ ನಿಂತ. ಎಲ್ಲದರ ಮೇಲೂ ಕುಂಕುಮದ ಬೊಟ್ಟು.

"ಕರೆಂಟ್ ಹೋಗಿತ್ತೇನು?"

"ಇಲ್ರಿ. ಹೋದ್ರ ಜನರೇಟರ್ ಐತಿ."

ಸಂಜೆ ಅಲ್ಲೇ ಎಲ್ಲರನ್ನೂ ಕೂಡಿಸಿದ. ಕಲ್ಮೇಶ ತಲೆ ತಗ್ಗಿಸಿದ್ದ. ಸಾವಿತ್ರೆವ್ವ ಮಗಳ ಪಕ್ಕದಲ್ಲಿ ಸೆರಗು ಹೊದ್ದು ಕೂತಿದ್ದಳು.

"ಬರ್ಫ ಕರಗಿ, ತಳಕ್ಕ ಇಳದು, ಮತ್ತ ಬರ್ಫ ಆಗೇತಿ," ಎಂದ ಬಸಗೊಂಡಪ್ಪ. "ಅಂದ್ರ ಫ್ರೀಜರ್ ಭಾಳ ಹೊತ್ತು ಬಂದ್ ಇತ್ತು, ಆಮ್ಯಾಲ ಯಾರೋ ಚಾಲೂ ಮಾಡ್ಯಾರ. ಹಗಿ ಸಾಧಿಸಾಂವ ಮತ್ತ ಚಾಲೂ ಯಾಕ ಮಾಡ್ತಾನ?" ಅವನ ದನಿ ತಗ್ಗಿತು. "ಅಕ್ಕಾ, ಖಂಡೆಪೂಜಿ ದಿನ ಮಗ್ಗ ನಡಸ್ತೀರೇನ್ರಿ?"

"ಛೇ, ಇಲ್ರಿ. ವರ್ಷೆಲ್ಲ ದುಡದಿರತೈತಿ. ಬಂದ್ ಮಾಡಿ, ಸ್ವಿಚ್ಚಿಗೆ ಕುಂಕುಮ ಹಚ್ಚಿದ್ರ, ಮರುದಿನ ಬನ್ನಿ ಎಲಿ ಕೊಡೂತನಕ ಯಾರೂ ಮುಟ್ಟಂಗಿಲ್ಲ."

"ಇಲ್ಲೂ ಹಂಗ ಮಾಡಿದ್ರಿ?"

"ಹೂಂರಿ. ಇದಂತೂ ಹಗಲೂ ರಾತ್ರಿ ಗುಂಯ್ ಅಂತಿತ್ತು ಪಾಪ. ನನ್ನ ಮಗಳಿಗೆ ಅನ್ನಾ ಹಾಕೂ ಮಷೀನು. ಮರುದಿನ ಸಂಜಿಕ ಬನ್ನಿ ಇಟ್ಟು, ಕೈಮುಗದು ನಾನ ಚಾಲೂ ಮಾಡಿ..."

ಮಾತು ಅಲ್ಲಿಗೇ ನಿಂತಿತು. ಅವಳು ಮಗಳ ಮುಖ ನೋಡಿದಳು. ಎಷ್ಟೋ ಕಳ್ಳರನ್ನು ಹಿಡಿದ ಬಸಗೊಂಡಪ್ಪ ಅಂದು ತಾನೇ ಕದ್ದವನಂತೆ ಕೂತಿದ್ದ. ನನಗಂತೂ ಈ ಪತ್ತೇದಾರಿಕೆಯ ಮೇಲೇ ಹೇಸಿಗೆ ಬಂತು.

"ಕಲ್ಮೇಶ, ತಪ್ಪಾತು," ಎಂದಳು ಪ್ರೀತಿ. ಅವನು ಎದ್ದು ಹೊರಗೆ ಹೋದ.

"ಮಗ್ಗದಾಗ ಎಳಿ ಹರದ್ರ ಗಂಟ ಹಾಕತೇವಿ," ಸಾವಿತ್ರೆವ್ವ ಮೆಲ್ಲಗೆ ಕೇಳಿದಳು. "ಇದಕ್ಕ ಬರೂದಿಲ್ಲೇನ, ಅವ್ವಿ?"

ಪ್ರೀತಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಮುದುಕಿ ಎದ್ದು ಹೋಗಿ, ಸೆರಗಿನ ತುದಿಯಿಂದ ಸ್ವಿಚ್ಚಿನ ಮೇಲಿನ ಕುಂಕುಮ ಒರೆಸತೊಡಗಿದಳು. ಮಗಳು ಬೇಡ ಅನ್ನಲಿಲ್ಲ.