ಸುಣ್ಣ ಸಿಡಿಯದ ಗಾಜು

"ಅಯ್ಯೋ ದೇವುಡಾ!"

ಹೆರಿಗೆ ವಾರ್ಡಿನಿಂದ ಆಯಾ ಅಕ್ಕಯಮ್ಮನ ಕಿರುಚು ಕೇಳಿ ನರ್ಸ್ ಶ್ಯಾಮಲಮ್ಮ ಎದ್ದುಬಿದ್ದು ಓಡಿದಳು.

ಮೂರನೇ ಮಂಚದ ದಿಂಬಿನ ಮೇಲೆ ಛಾವಣಿಯ ಗಾರೆ ಬಿದ್ದಿತ್ತು—ಒಂದು ಮೂಟೆಯಷ್ಟು! ಬಾಣಂತಿ ಗೌಹರ್ ಕೂಸಿಗೆ ಎಳೆಬಿಸಿಲು ಕಾಯಿಸಲು ಆಗತಾನೇ ಜಗಲಿಗೆ ಹೋಗಿದ್ದಳು. ಹೋಗದಿದ್ದರೆ?

ಇದು ಎಪ್ಪತ್ತೊಂಬತ್ತರ ಮಾತು. ಮಾಲೂರು ಕಡೆಯ ಒಂದು ಸರ್ಕಾರಿ ಆಸ್ಪತ್ರೆ. ಊರಿನ ಹೆಸರು ಬೇಡ ಬಿಡಿ, ಕೋಪಿಸಿಕೊಳ್ಳುವವರು ಈಗಲೂ ಇದ್ದಾರೆ.

ಕಟ್ಟಡ ನೋಡಿಕೊಳ್ಳುವ ಮೇಸ್ತ್ರಿ ಚನ್ನರಾಯಪ್ಪ ಬಂದವನೇ ಅಕ್ಕಯಮ್ಮನ ಕೈಯಲ್ಲಿದ್ದ ಬಿದಿರಿನ ಗಳುವನ್ನು ತೋರಿಸಿದ. "ಜೇಡರ ಬಲೆ ತೆಗೆಯೋಕೆ ಹೋಗಿ ತಿವಿದವ್ಳೆ. ಇನ್ನೇನು?"

"ಮುಟ್ಟೇ ಇಲ್ಲಪ್ಪೋ! ಗಳು ಎತ್ತೋಕ್ ಮುಂಚೇನೇ ಬಿತ್ತು!"

"ಸುಳ್ಳು! ಗಾಜು ನೋಡಿ ಸಿಸ್ಟರ್."

ತೊಲೆ ಕೂತ ಕಡೆ ಗೋಡೆ ಬಿರುಕು ಬಿಟ್ಟಿತ್ತು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಕೂರಿಸಿ ತಾರೀಖು ಬರೆದಿದ್ದರು: ೫-೧-೭೯. ಬಿರುಕು ಕೂದಲೆಳೆ ಬೆಳೆದರೂ ಗಾಜು ಒಡೆಯಬೇಕು. ಒಡೆದ ದಿನವೇ ವಾರ್ಡು ಖಾಲಿಯಾಗಬೇಕು. ಆರು ತಿಂಗಳಾದರೂ ಗಾಜು ಇಡಿಯಾಗಿತ್ತು.

"ಏಳನೇ ಮಂಚದಲ್ಲಿ ಮೇಸ್ತ್ರಿ ಮಗಳು ಗಂಗರತ್ನಮ್ಮನೇ ಮಲಗಿದ್ದಾಳೆ. ಅಪಾಯ ಇದ್ರೆ ಬಿಡ್ತಿದ್ನಾ?" ಎಂದರು ಸದ್ದು ಕೇಳಿ ಬಂದ ಡಾಕ್ಟರು. ಅಕ್ಕಯಮ್ಮನಿಗೆ ನಾಳೆಯಿಂದ ಬರಬೇಡ ಎಂದರು. ಬಾಣಂತಿಯರೆಲ್ಲ ಅಲ್ಲೇ ಇರಲಿ ಎಂದರು.

ಅಕ್ಕಯಮ್ಮ ಹೇಳಿದ್ದು ನಿಜವಾದರೆ? ಗಾರೆ ತಾನಾಗಿಯೇ ಬಿದ್ದಿದ್ದರೆ? ಒಂಬತ್ತು ಕೂಸುಗಳು! ಡಾಕ್ಟರು ಬೈದರೆ ಬೈಯಲಿ ಎಂದು ಶ್ಯಾಮಲಮ್ಮ ಕೋಲಾರದ ಇಂಜಿನಿಯರ್ ಕಚೇರಿಗೆ ಫೋನ್ ಮಾಡಿದಳು.

ಮಧ್ಯಾಹ್ನ ಇಂಜಿನಿಯರ್ ನಜೀರ್ ಅಹಮದ್ ಬಂದು ಏಣಿ ಹತ್ತಿ ಗಾಜನ್ನು ಹತ್ತಿರದಿಂದ ನೋಡಿದರು. ತಲೆಯ ಮೇಲೆ ತೊಲೆ ಚರಕ್ ಎಂದಿತು. ಗಂಗರತ್ನಮ್ಮ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

"ಸುಣ್ಣ ಯಾವಾಗ ಬಳಿದ್ರಿ ಮೇಸ್ತ್ರಿ?"

"ಹೋದ ತಿಂಗ್ಳು ಸಾರ್."

"ಗಾಜಿಗೆ ಏನಾದ್ರೂ ಮುಚ್ಚಿದ್ರಾ? ಆಮೇಲೆ ಒರೆಸಿದ್ರಾ?"

"ಇಲ್ಲ ಸಾರ್. ಅದನ್ನ ಮುಟ್ಟೋ ಹಂಗೇ ಇಲ್ವಲ್ಲ?"

ನಜೀರ್ ಅಹಮದ್ ಸರಸರನೆ ಏಣಿ ಇಳಿದರು. "ಸಿಸ್ಟರ್, ಎಲ್ಲರನ್ನೂ ಹೊರಗೆ ಕಳಿಸಿ. ಈಗಲೇ!"

ಅಕ್ಕಯಮ್ಮ ಎರಡೆರಡು ಕೂಸು ಎತ್ತಿಕೊಂಡು ಓಡಾಡಿದಳು. ಎಲ್ಲರೂ ಬೇವಿನ ಮರದಡಿ ಸೇರಿದ ಮೇಲೆ ನಜೀರ್ ಅಹಮದ್ ಮೇಸ್ತ್ರಿಯ ಕಡೆ ತಿರುಗಿದರು.

"ತೊಲೆ ಮೇಲೆ ಸುಣ್ಣದ ಹನಿ, ಕಿಟಕಿ ಮೇಲೆ ಸುಣ್ಣದ ಹನಿ. ಗಾಜಿನ ಮೇಲೆ ಒಂದೂ ಇಲ್ಲ. ಅಲ್ಲದೆ ಸುಣ್ಣ ಇರೋದು ಸಿಮೆಂಟಿನ ಕೆಳಗೆ! ಜನವರಿ ಗಾಜಿನ ಕೆಳಗೆ ಹೋದ ತಿಂಗಳ ಸುಣ್ಣ ಹೇಗೆ ಬಂತು? ಗಾಜು ಬದಲಾಯಿಸಿ ಹಳೇ ತಾರೀಖು ಬರೆದವನು ನೀನೇ."

ಚನ್ನರಾಯಪ್ಪ ಕೈ ಮುಗಿದ. "ಸುಣ್ಣ ಬಳಿದಾದ್ಮೇಲೆ ನೋಡಿದ್ರೆ ಒಡೆದಿತ್ತು ಸಾರ್. ನನ್ನ ಏಣಿನೇ ತಾಗ್ತು ಅಂದ್ಕೊಂಡೆ. ಸಸ್ಪೆಂಡ್ ಮಾಡ್ತಾರೆ ಅಂತ ಹೆದರಿ..."

"ಚೂರುಚೂರಾಗಿತ್ತಾ?"

"ಇಲ್ಲ ಸಾರ್. ಬಿರುಕಿನ ನೇರಕ್ಕೆ ಎರಡೇ ತುಂಡು. ಎರಡೂ ಸಿಮೆಂಟಿನಲ್ಲೇ ಕೂತಿದ್ವು."

"ಏಣಿ ತಾಗಿದ್ರೆ ಪುಡಿಯಾಗಿ ಉದುರ್ತಿತ್ತು. ನೀನು ಒಡೆದಿಲ್ಲ ಕಣಯ್ಯಾ, ಗೋಡೆ ಒಡೀತು! ಗಾಜು ಕೂಗಿ ಹೇಳ್ತು, ನೀನು ಅದರ ಬಾಯಿ ಮುಚ್ಚಿದೆ. ಹೊಸ ಗಾಜನ್ನ ಸುಣ್ಣದ ಮೇಲೆ ಅಂಟಿಸಿದೆ. ಸಿಮೆಂಟು ಕಚ್ಚಲಿಲ್ಲ. ಒಂದು ತುದಿ ಬಿಟ್ಕೊಂಡು ನೇತಾಡ್ತಿದೆ, ಇನ್ನೆಲ್ಲಿ ಒಡೆಯುತ್ತೆ? ನಿನ್ನ ಮಗಳನ್ನೂ ಅದನ್ನ ನಂಬಿಯೇ ಮಲಗಿಸಿದ್ಯಲ್ಲಾ!"

ಆಗ ಒಳಗೆ ತೊಲೆ ಲಟಲಟ ಎಂದಿತು. ನೆಲ ಅದುರಿತು. ಬಾಗಿಲಿನಿಂದ ಧೂಳು ನುಗ್ಗಿತು.

ಶ್ಯಾಮಲಮ್ಮ ಬೆರಳು ಮಡಿಸಿ ಕೂಸುಗಳನ್ನು ಎಣಿಸಿದಳು, ಮತ್ತೆ ಎಣಿಸಿದಳು. ಒಂಬತ್ತು.

ಧೂಳು ಇಳಿದಾಗ ಏಳನೇ ಮಂಚ ಕಾಣಲಿಲ್ಲ, ಅದರ ಮೇಲೆ ತೊಲೆ ಕೂತಿತ್ತು. ಚನ್ನರಾಯಪ್ಪ ಅದನ್ನೇ ನೋಡುತ್ತ ಕುಸಿದು ಕುಳಿತ. ಅಕ್ಕಯಮ್ಮ ತನ್ನ ಕೈಲಿದ್ದ ಅವನ ಮೊಮ್ಮಗುವನ್ನು ಅವನ ತೊಡೆಯ ಮೇಲೆ ಮಲಗಿಸಿದಳು.